ಹಿತ್ತಲಿನ ಸೋರೆಬಳ್ಳಿ

ಅಕ್ಕ ದಾನಮ್ಮ ಸತ್ತ ಮೇಲೆ ಪದ್ಮವ್ವನಿಗೆ ಉಣ್ಣುವ ಅನ್ನದ ಮೇಲೆಯೇ ಅನುಮಾನ ಶುರುವಾಯಿತು.

ದಾನಮ್ಮನನ್ನು ಇಳಕಲ್ಲಿನ ನೇಕಾರರ ಓಣಿಯ ಹತ್ತಿರದ ಮನೆಗೆ ಕೊಟ್ಟಿದ್ದರು. ಗಟ್ಟಿ ಹೆಂಗಸು, ಜ್ವರ ಅಂತ ಮಲಗಿದವಳಲ್ಲ. ಹೊಟ್ಟೆನೋವು ಅಂತ ಬಾಗಲಕೋಟೆಗೆ ತೋರಿಸಲು ಹೋದಾಗ ಜಠರದ ಕ್ಯಾನ್ಸರ್ ಅಂದರು. ಆ ವರ್ಷದ ಮಳೆಗಾಲವನ್ನು ಅವಳು ನೋಡಲಿಲ್ಲ. ಮಣ್ಣು ಮಾಡಿ ಬಂದು ಜನ ಅಂಗಳದಲ್ಲಿ ಕುಳಿತಿದ್ದಾಗ ಬಂಧುಗಳಲ್ಲಿ ಯಾರೋ ಒಬ್ಬರು ಅಂದರು: "ಈಗಿನ ಕಾಯಿಪಲ್ಲೆ ಅಂದ್ರ ಏನ್ರಿ, ಬರೇ ಎಣ್ಣಿ ಹೊಡದದ್ದು. ದಿನಾ ವಿಷಾನ ತಿನ್ನಾಕತ್ತೇವಿ ನಾವು."

ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ಆ ಕಡೆ ಎಣ್ಣೆ ಅಂತಲೇ ಅನ್ನುತ್ತಾರೆ. ಅಂದವರು ಚಹಾ ಕುಡಿದು ಎದ್ದು ಹೋದರು. ಪದ್ಮವ್ವನ ಎದೆಯಲ್ಲಿ ಮಾತ್ರ ಆ ಮಾತು ಕುಳಿತುಬಿಟ್ಟಿತು.

ಅವಳು ಹುನಗುಂದದ ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಕಾಳಪ್ಪ ಮರೋಳದ ಏತ ನೀರಾವರಿಯಲ್ಲಿ ಪಂಪು ನಡೆಸುವ ಕೆಲಸದವನು. ಒಬ್ಬಳೇ ಮಗಳು ರಾಜಶ್ರೀ ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಬೀರಪ್ಪ ದೇವರಿಗೆ ನಡೆದುಕೊಳ್ಳುವವರು, ದುಡಿದು ಉಣ್ಣುವವರು. ಮನೆಯಲ್ಲಿ ಅಲ್ಲಿಯವರೆಗೆ ಊಟದ ಬಗ್ಗೆ ಜಗಳ ಅಂತ ಆಗಿದ್ದರೆ ಉಪ್ಪು ಹೆಚ್ಚಾಯಿತು, ಖಾರ ಕಡಿಮೆಯಾಯಿತು ಅನ್ನುವುದಕ್ಕಷ್ಟೇ.

ಈಗ ಪದ್ಮವ್ವ ಸಂತೆಯಿಂದ ತಂದ ಕಾಯಿಪಲ್ಲೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಅರಿಸಿನದ ನೀರಿನಲ್ಲಿ ತೊಳೆದು, ಆಮೇಲೆ ಮತ್ತೆ ತೊಳೆಯತೊಡಗಿದಳು. ಶಾಲೆಯಲ್ಲೂ ಹಾಗೆಯೇ. ಮಕ್ಕಳ ಸಾರಿಗೆ ಹಾಕುವ ಟೊಮ್ಯಾಟೊ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು. ಮೊದಲು ಚಹಾ ಬಿಟ್ಟಳು, ಆಮೇಲೆ ಸಕ್ಕರೆ, ಆಮೇಲೆ ಗೋಧಿ. ಅಷ್ಟರಲ್ಲಿ ಯಾರೋ ಅವಳ ನಂಬರನ್ನು ವಾಟ್ಸಪ್ಪಿನ ಒಂದು ಗುಂಪಿಗೆ ಸೇರಿಸಿದರು. 'ದೇಹಶುದ್ಧಿ ಬಳಗ' ಅಂತ ಅದರ ಹೆಸರು. ಪ್ರೇಮಕುಮಾರ ಎಂಬವರು ಅದನ್ನು ನಡೆಸುತ್ತಿದ್ದರು, ಬಾದಾಮಿಯಲ್ಲಿ ಆಗಾಗ ಶಿಬಿರವನ್ನೂ ಮಾಡುತ್ತಿದ್ದರು. ದೇಹದಲ್ಲಿ ವರ್ಷಾನುಗಟ್ಟಲೆ ಕೂಡಿಕೊಂಡ ವಿಷವನ್ನು ಹಸಿ ರಸ ಕುಡಿದು ತೊಳೆದು ಹಾಕಬಹುದು ಅಂತ ಅವರ ಮಾತು.

ಪದ್ಮವ್ವ ಶಿಬಿರಕ್ಕೆ ಹೋಗಿಬಂದಳು. ಹೋಗಿಬಂದ ಮೇಲೆ ಅವಳಿಗೆ ಆರಾಮ ಅನ್ನಿಸಿದ್ದೂ ಸುಳ್ಳಲ್ಲ. ಹುಳಿತೇಗು ನಿಂತಿತು, ಮೈ ಹಗುರಾಯಿತು, ಮೊಣಕಾಲು ನೋವು ಇಳಿಯಿತು. ಕರಿದದ್ದು, ಸಿಹಿ, ಹೊತ್ತಿಲ್ಲದ ಹೊತ್ತಿನ ಚಹಾ ಬಿಟ್ಟರೆ ಯಾರಿಗಾದರೂ ಅಷ್ಟು ಆಗುತ್ತದೆ. ಅವಳು ಮಾತ್ರ ವಿಷ ಹೋಗುತ್ತಿದೆ ಅಂದುಕೊಂಡಳು.

ರಾಜಶ್ರೀ ಫೋನಿನಲ್ಲಿ ವಾದ ಮಾಡಿದಳು.

"ಅವ್ವಾ, ನಮ್ಮ ಮೈಯಾಗ ಲಿವರ್ ಐತಿ, ಕಿಡ್ನಿ ಅದಾವು. ಬ್ಯಾಡಾದ್ದನ್ನ ಅವ ದಿನಾ ತೊಳದು ಹೊರಗ ಹಾಕ್ತಾವು. ಈ ರಸ ಕುಡದು ನೀ ಬ್ಯಾರೆ ತೊಳಿಯೂದು ಏನೂ ಇರೂದಿಲ್ಲ."

"ನಿಮ್ಮ ದೊಡ್ಡವ್ವಗ ಅವು ಇರಲಿಲ್ಲೇನ?" ಅಂದಳು ಪದ್ಮವ್ವ.

ಮಗಳು ಬಾಯಿ ತೆರೆಯುವ ಮೊದಲೇ ತಾಯಿ, "ಊಟಾ ಮಾಡಿಯೇನ? ಅಲ್ಲಿ ಹಾಸ್ಟೆಲ್‌ನ್ಯಾಗ ಪಲ್ಲೆ ತೊಳಿತಾರಿಲ್ಲೋ?" ಅಂತ ಕೇಳಿದಳು.

ಮರೋಳದಲ್ಲಿ ನಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಾಗ ಗಂಡ ಹೆಂಡತಿಗೆ ಜಗಳವೇ ಆಯಿತು. ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದವರಿಗೆ ಪದ್ಮವ್ವ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಹೋಳಿಗೆ ಬೇಡ, ಪಲ್ಯ ಬೇಡ, ಅನ್ನವೂ ಬೇಡ. ಕೂಸಿನ ಅಜ್ಜಿ ಮುಖ ಸಣ್ಣದು ಮಾಡಿಕೊಂಡಳು. ಕಾಳಪ್ಪನಿಗೆ ತಡೆಯಲಾಗಲಿಲ್ಲ.

"ಮಂದಿ ಮನ್ಯಾಗ ಬಂದು ಏನಿದು ನಿನ್ನ ಹುಚ್ಚು? ಅವರೇನ ವಿಷಾ ಹಾಕ್ಯಾರೇನ?" ಅಂತ ಎಲ್ಲರ ಮುಂದೆ ಜೋರು ಮಾಡಿದ.

ಪದ್ಮವ್ವ ಎಲೆ ಬಿಟ್ಟು ಎದ್ದಳು. ಮನೆಗೆ ಬಂದ ಮೇಲೆ ಒಲೆಯ ಮುಂದೆ ಕುಳಿತು ಅತ್ತಳು.

"ನನಗೇನ ಚೈನಿ ಅಂತ ತಿಳಿದೀರೇನ್ರಿ? ನಮ್ಮಕ್ಕ ಕಡೀಕಡೀಕ ಒಂದ ಚಮಚಾ ಗಂಜಿ ನುಂಗಲಾರದ ಹ್ವಾದಳು. ಅಕಿ ಬಾಯಿ ಒರಿಸಿದಾಕಿ ನಾ. ಹಂಗ ಹೋಗಾಕ ನನಗ ಅಂಜಿಕಿ ಆಕ್ಕೈತಿ. ರಾಜೀ ಲಗ್ನಾ ನೋಡಬೇಕು, ಅಕಿ ಬಾಣಂತನ ಮಾಡಬೇಕು ನಾ. ಅದಕ್ಕ ಮಾಡಾಕತ್ತೇನಿ. ಬ್ಯಾರೆ ಯಾತಕ್ಕೂ ಅಲ್ಲ."

ಕಾಳಪ್ಪ ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತ. ಅವಳು ಹೆದರಿದ್ದಾಳೆ ಅನ್ನುವುದು ಅಷ್ಟು ದಿನ ಅವನಿಗೆ ಹೊಳೆದೇ ಇರಲಿಲ್ಲ. ಹಟ ಅಂತ ತಿಳಿದಿದ್ದ.

"ಆತು ಪದಮಾ, ಇನ್ನ ಮ್ಯಾಲ ನಾ ಒಂದ ಮಾತು ಅನ್ನೂದಿಲ್ಲ. ನಿನಗ ಹೆಂಗ ಬೇಕೋ ಹಂಗ ಮಾಡು."

ಬಾಯಿಮಾತಿಗೆ ಅಷ್ಟು ಹೇಳಿ ಬಿಡಲಿಲ್ಲ ಅವನು. ಪಂಪುಮನೆಯಲ್ಲಿ ಅವನ ಜೊತೆಗಾರ ಜಾಫರಸಾಬನ ಹಿತ್ತಲಲ್ಲಿ ಸೋರೆ ಚೆನ್ನಾಗಿ ಬರುತ್ತಿತ್ತು. ಅವನಿಂದ ಬೀಜ ಇಸಿದುಕೊಂಡು ಬಂದು ಬಚ್ಚಲ ನೀರು ಹರಿಯುವ ಕಡೆ ಊರಿದ. ಕುರಿಗೊಬ್ಬರ ತಂದು ಹಾಕಿದ. ಎಣ್ಣೆ ಹೊಡೆಯುವ ಮಾತೇ ಇಲ್ಲ, ಎಲೆಗೆ ಹುಳ ಬಿದ್ದರೆ ಕೈಯಿಂದ ಆರಿಸಿ ತೆಗೆದ. ಕೋಲು ನೆಟ್ಟು, ಹಗ್ಗ ಕಟ್ಟಿ, ಬಳ್ಳಿಯನ್ನು ಬಚ್ಚಲಮನೆಯ ಪತ್ರಾಸಿನ ತಗಡಿನ ಮೇಲೆ ಹಬ್ಬಿಸಿದ. ಸಂತೆಯ ಕಾಯಿ ಮುಟ್ಟಲು ಅಂಜುವ ಹೆಂಡತಿಗೆ ಅಂಜದೆ ತಿನ್ನುವಂಥದ್ದು ಮನೆಯಲ್ಲಿ ಒಂದಾದರೂ ಇರಲಿ ಅಂತ ಅವನ ಆಸೆ. ಪದ್ಮವ್ವ ದಿನಾ ಮುಂಜಾನೆ ಬಳ್ಳಿಯ ಕೆಳಗೆ ನಿಂತು ಹೂವು ನೋಡುತ್ತಿದ್ದಳು. ಅಕ್ಕ ಸತ್ತ ಮೇಲೆ ಅವಳು ಮನಸಾರೆ ನಕ್ಕದ್ದನ್ನು ಕಾಳಪ್ಪ ಅಲ್ಲಿಯೇ ಮೊದಲು ನೋಡಿದ್ದು.

ಮರುವರ್ಷದ ಬೇಸಿಗೆ ಜೋರಾಗಿತ್ತು. ಶಾಲೆಗೆ ರಜೆ ಬಿಟ್ಟಿತು. ಬಳಗದಲ್ಲಿ ವಾರದ ರಸವ್ರತ ಅಂತ ಹೇಳಿದರು. ಅನ್ನ ರೊಟ್ಟಿ ಏನೂ ಇಲ್ಲ, ಬರೀ ರಸ. ಪದ್ಮವ್ವ ಹಿಡಿದಳು. ಮುಖ ಬಾಡಿತು, ಎದ್ದು ನಿಂತರೆ ಕಣ್ಣುಕತ್ತಲೆ ಬರುತ್ತಿತ್ತು. ಅದು ವಿಷ ಹೊರಗೆ ಬೀಳುವ ಲಕ್ಷಣ ಅಂತ ಫೋನಿನಲ್ಲಿ ಬರೆದಿದ್ದರು. ಕಾಳಪ್ಪ ನೋಡಿದ, ಕೊಟ್ಟ ಮಾತು ನೆನೆದು ಸುಮ್ಮನಾದ.

ಆ ಮುಂಜಾನೆ ಅವಳಿಗೆ ಏಳಲು ಆಗಲಿಲ್ಲ ಅಂತ ಅವನೇ ಹಿತ್ತಲಿಗೆ ಹೋಗಿ ಎಳೆಯ ಕಾಯಿ ಹರಿದು ತಂದ. ಸಿಪ್ಪೆ ತೆಗೆದು, ಹೋಳು ಮಾಡಿ, ಮಿಕ್ಸರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ತುಂಬಿದ ಗ್ಲಾಸು ಅವಳ ಕೈಗೆ ಕೊಟ್ಟ.

ಪದ್ಮವ್ವ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಏನ್ ಕಹಿ ಐತ್ರಿ ಇದು!"

"ಹಂಗಾದ್ರ ಚೆಲ್ಲು. ಬ್ಯಾರೆ ಕಾಯಿ ತರ್ತೇನಿ."

"ಬ್ಯಾಡ್ರಿ. ಕಹಿ ಇದ್ದಷ್ಟೂ ಒಳಗಿನ ವಿಷಾ ಜಗ್ಗತೈತಿ ಅಂತ ಪ್ರೇಮಕುಮಾರ ಸರ್ ಹೇಳ್ಯಾರ. ಇಷ್ಟು ಪ್ರೀತೀಲೆ ಮಾಡಿ ಕೊಟ್ಟೀರಿ, ಚೆಲ್ಲಲೇನ?"

ಮೂಗು ಹಿಡಿದುಕೊಂಡು ಅಷ್ಟೂ ಕುಡಿದಳು. ಕುಡಿದು, ಗ್ಲಾಸು ಬೋರಲು ಹಾಕಿ, ಚಿಕ್ಕ ಹುಡುಗಿಯ ಹಾಗೆ ಅವನ ಕಡೆ ನೋಡಿ ನಕ್ಕಳು.

ಕಾಳಪ್ಪ ಕೆಲಸಕ್ಕೆ ಹೊರಡಲು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದಳು. ವಾಂತಿ, ಭೇದಿ ಒಟ್ಟಿಗೇ ಹತ್ತಿದವು. ಮೊದಮೊದಲು, "ಹೋಗ್ಲಿ ಬಿಡ್ರಿ, ವಿಷಾ ಹೊಂಟೈತಿ" ಅಂದಳು. ಆಮೇಲೆ ವಾಂತಿಯಲ್ಲಿ ರಕ್ತ ಬಂತು. ಅದನ್ನು ನೋಡಿ ಅವಳೇ ಬೆದರಿ ಗಂಡನ ಕೈ ಹಿಡಿದಳು.

ಆಟೋದಲ್ಲಿ ತಾಲ್ಲೂಕು ದವಾಖಾನೆಗೆ ಒಯ್ದ. ಸಲೈನು ಹಚ್ಚಿದರು. ಬಿಪಿ ಸಿಗುತ್ತಿಲ್ಲ, ಬಾಗಲಕೋಟೆಗೆ ಒಯ್ಯಿರಿ ಅಂದರು. ಆಂಬುಲೆನ್ಸಿನಲ್ಲಿ ಅವಳ ತಲೆ ಅವನ ತೊಡೆಯ ಹತ್ತಿರವೇ ಇತ್ತು. ಕೈಕಾಲು ತಣ್ಣಗಾಗಿದ್ದವು.

"ರಾಜೀಗ ಹೇಳಬ್ಯಾಡ್ರಿ, ಪರೀಕ್ಷಾ ಐತಿ ಅಕಿದು" ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ನನಗೂ ಅಕ್ಕನಂಗ ಆತೇನ್ರಿ?" ಅಂತ ಕೇಳಿದಳು.

"ಇಲ್ಲ ಪದಮಾ, ಆ ಕಾಯಿಂದ ತ್ರಾಸಾಗೇತಿ ಅಷ್ಟ. ಆರಾಮ ಆಕ್ಕೈತಿ" ಅಂದ ಕಾಳಪ್ಪ.

ಬಾಗಲಕೋಟೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ಏನು ತಿಂದಿದ್ದರು ಅಂತ. ಸೋರೆಕಾಯಿ ರಸ ಅಂದ. ಕಹಿ ಇತ್ತೇ ಅಂತ ಕೇಳಿದರು. ಹೌದು ಅಂದ. ಆಕೆಯ ಮುಖ ಬದಲಾದದ್ದು ಅವನಿಗೆ ಕಂಡಿತು.

"ಎಣ್ಣಿ ಹೊಡದಿಲ್ರಿ ಡಾಕ್ಟ್ರ. ನಾನ ಬೆಳಸಿದ್ದು. ಒಂದ ಹನಿ ಹೊಡದಿಲ್ರಿ" ಅಂತ ಅವನು ಬಡಬಡಿಸಿದ.

"ಎಣ್ಣೆಯದಲ್ಲ ಇದು" ಅಂದರು ಆಕೆ. "ಸೋರೆ, ಸೌತೆ ಜಾತಿಯ ಬಳ್ಳಿ ತನ್ನಷ್ಟಕ್ಕೆ ತಾನೇ ಒಂದು ಕಹಿ ವಿಷ ಮಾಡಿಕೊಳ್ಳುತ್ತದೆ. ಬಿಸಿಲು ಹೆಚ್ಚಾದಾಗ, ನೀರು ಸಾಲದಾದಾಗ ಕೆಲವು ಕಾಯಿಗಳಲ್ಲಿ ಅದು ಏರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಇದಕ್ಕೆ ಅಂತ ಬೇರೆ ಔಷಧ ಇಲ್ಲ. ಉಪವಾಸದಿಂದ ಮೈ ಮೊದಲೇ ಸೋತಿದೆ. ನಾವು ಪ್ರಯತ್ನ ಮಾಡುತ್ತೇವೆ."

ಅವರು ಪ್ರಯತ್ನ ಮಾಡಿದರು. ರಾಜಶ್ರೀ ಹಾಸ್ಟೆಲಿನಿಂದ ಓಡಿ ಬಂದಳು. ಮರುದಿನ ಮಧ್ಯಾಹ್ನ ಪದ್ಮವ್ವ ಹೋಗಿಬಿಟ್ಟಳು.

ಮಣ್ಣಿಗೆ ಬಂದವರು ಈ ಸಲವೂ ಅದೇ ಮಾತು ಅಂದರು. ಎಲ್ಲಾ ಎಣ್ಣಿ ಹೊಡದದ್ದು, ತಿನ್ನೂದರಾಗ ವಿಷಾ. ಕಾಳಪ್ಪ ಯಾರಿಗೂ ಎದುರಾಡಲಿಲ್ಲ. ಜಾಫರಸಾಬ ಬಂದು ಅವನ ಮುಂದೆ ಕುಸಿದು ಕುಳಿತ. "ಕಾಳಪ್ಪಾ, ಖರೆ ಹೇಳ್ತೇನಿ, ಅದ ಬೀಜಾ, ನಮ್ಮ ಮನ್ಯಾಗ ಇನ್ನೂ ತಿನ್ನಾಕತ್ತೇವಿ. ಸೀ ಅದಾವೋ ಎಲ್ಲಾ" ಅಂತ ಅತ್ತ. ಕಾಳಪ್ಪ ಅವನ ಬೆನ್ನ ಮೇಲೆ ಕೈ ಇಟ್ಟ. "ಬೀಜಾ ನಿಂದು, ನೀರು ನಂದು. ಯಾರಿಗಿ ಏನಂತ ಅನ್ನೂದೋ" ಅಂದ. ಮರುದಿನ ಕಾಳಪ್ಪನೇ ಬಳ್ಳಿಯನ್ನು ಬೇರು ಸಹಿತ ಕಿತ್ತ. ಕುರಿ ಮೇಕೆ ಮೇಯದಂತೆ ಗುಂಡಿ ತೋಡಿ ಹೂತ.

ಬಳಗದಲ್ಲಿ ಪ್ರೇಮಕುಮಾರರು ಹೂವಿನ ಚಿತ್ರ ಹಾಕಿ ಬರೆದಿದ್ದರು: ಸಹೋದರಿ ಪದ್ಮವ್ವ ನಮ್ಮನ್ನಗಲಿದ್ದಾರೆ, ವಿಷ ಬಹಳ ಆಳಕ್ಕೆ ಇಳಿದಿದ್ದರಿಂದ ಶುದ್ಧಿಗೆ ತಡವಾಯಿತು. ರಾಜಶ್ರೀ ತಾಯಿಯ ಫೋನಿನಲ್ಲಿ ಅದನ್ನು ಓದಿ ಅಪ್ಪನಿಗೂ ಓದಿ ಹೇಳಿದಳು. ಕಾಳಪ್ಪ ಇನ್ನೊಮ್ಮೆ ಓದಿಸಿದ. ಮುಂದಿನ ಶಿಬಿರದ ದಿನ ಇಬ್ಬರೂ ಬಾದಾಮಿಯ ಬಸ್ಸು ಹತ್ತಿದರು.

ಸಭಾಭವನದಲ್ಲಿ ಜನ ಚಾಪೆಯ ಮೇಲೆ ಕುಳಿತಿದ್ದರು. ಹೆಚ್ಚಿನವರು ಪದ್ಮವ್ವನ ವಯಸ್ಸಿನ ಹೆಂಗಸರು. ಪ್ರೇಮಕುಮಾರರು ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಗುರುತು ಹೇಳಿದ ಕೂಡಲೇ ಎದ್ದು ಬಂದು ಕಾಳಪ್ಪನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಕಹಿ ಇದ್ದಷ್ಟೂ ಚಲೋ ಅಂತ ಹೇಳಿದ್ರೇನ್ರಿ ನೀವು?" ಅಂತ ಕೇಳಿದ ಕಾಳಪ್ಪ.

"ಹಾಗಲಕಾಯಿ, ಬೇವು, ಆ ಅರ್ಥದಾಗ ಹೇಳಿದ್ದೆ ನಾ. ಸೋರಿದು ಹಿಂಗ ಅಂತ ನನಗೂ ಗೊತ್ತಿರಲಿಲ್ರಿ. ನಮ್ಮ ತಾಯೀನೂ ದಿನಾ ಅದನ್ನ ಕುಡೀತಾರ."

"ಅಕಿಗಿ ಆ ಅರ್ಥ ತಿಳೀಲಿಲ್ರಿ. ಈಗ ಇಲ್ಲಿ ಕುಂತಾರಲ್ಲ, ಇವರಿಗರ ಹೇಳ್ರಿ. ಕಹಿ ಹತ್ತಿದ್ರ ಉಗುಳ್ರಿ ಅಂತ. ಬ್ಯಾರೆ ಏನೂ ಕೇಳೂದಿಲ್ಲ ನಾ."

ಪ್ರೇಮಕುಮಾರರು ಸಭೆಯ ಕಡೆ ನೋಡಿದರು. "ಈಗ ಬ್ಯಾಡ್ರಿ, ಮಂದಿ ಅಂಜತಾರ. ಗ್ರೂಪಿನ್ಯಾಗ ಹಾಕ್ತೇನಿ" ಅಂದರು.

ಕಾಳಪ್ಪ ಹತ್ತು ಮಂದಿಯ ಮುಂದೆ ಎದ್ದು ಮಾತಾಡಿದವನಲ್ಲ. ಅವರ ಕೈ ಬಿಡಿಸಿಕೊಂಡು ಚಾಪೆಗಳ ಮುಂದೆ ಹೋಗಿ ನಿಂತ.

"ಅವ್ವಾರ, ನಾ ಹುನಗುಂದದಾಂವ. ನನ್ನ ಹೆಂಡ್ತಿ ನಿಮ್ಮ ಜೋಡಿ ಇಲ್ಲೇ ಕುಂತಿದ್ಲು. ಕಹಿ ಸೋರಿ ರಸಾ ಕುಡದು ಸತ್ತಳು. ಮನೀದ ಕಾಯಿ, ಎಣ್ಣಿ ಹೊಡದದ್ದಲ್ಲ. ನಾನ ಮಾಡಿ ಕೊಟ್ಟೆ. ಅಕಿ ಕಹಿ ಐತಿ ಅಂದ್ಲು. ಚೆಲ್ಲು ಅಂದೆ. ಕಸಗೊಂಡು ಚೆಲ್ಲಲಿಲ್ಲ ನಾ." ಅಷ್ಟಕ್ಕೆ ನಿಂತ. ಆಮೇಲೆ, "ಕಹಿ ಹತ್ತಿದ್ರ ಕುಡೀಬ್ಯಾಡ್ರಿ. ಬೇಯಿಸಿನೂ ತಿನ್ನಬ್ಯಾಡ್ರಿ" ಅಂದ.

ಕೆಲವರು ಸೆರಗು ಬಾಯಿಗೆ ಒತ್ತಿಕೊಂಡರು. ಇಬ್ಬರು ಚೀಲ ಎತ್ತಿಕೊಂಡು ಎದ್ದು ಹೋದರು. ಮುಂದೆ ಕುಳಿತಿದ್ದ ಮುದುಕಿಯೊಬ್ಬಳು, "ಸೀ ಇದ್ರ ಕುಡೀಬಹುದೇನಪಾ ತಮ್ಮಾ? ನನಗ ಮೊಣಕಾಲು ಭಾಳ ನೋಯ್ತಾವು" ಅಂತ ಕೇಳಿದಳು. ಕಾಳಪ್ಪ ಅವಳ ಮುಖವನ್ನೇ ನೋಡುತ್ತ ನಿಂತ. ರಾಜಶ್ರೀ ಬಂದು ಅವನ ತೋಳು ಹಿಡಿದಳು. "ಅಜ್ಜೀ, ಡಾಕ್ಟರಿಗೆ ತೋರ್ಸು. ಹೊಟ್ಟಿ ತುಂಬ ಉಣ್ಣು" ಅಂದು ಅಪ್ಪನನ್ನು ಹೊರಗೆ ಕರೆದುಕೊಂಡು ಬಂದಳು.

ಪ್ರೇಮಕುಮಾರರು ಹಾಕುತ್ತೇನೆ ಅಂದಿದ್ದ ಆ ಮಾತು ಬಳಗದಲ್ಲಿ ಬರಲೇ ಇಲ್ಲ. ಒಂದು ಸಂಜೆ ನೋಡಿದರೆ ಪದ್ಮವ್ವನ ನಂಬರನ್ನು ಅದರಿಂದ ತೆಗೆದುಹಾಕಿದ್ದರು.

ರಾಜಶ್ರೀ ಆ ಪರೀಕ್ಷೆ ಬರೆಯಲಿಲ್ಲ. ರಜೆ ಮುಗಿಯುವ ತನಕ ಹುನಗುಂದದಲ್ಲೇ ಉಳಿದಳು. ಅಡುಗೆ ಅವಳದೇ. ಕಾಳಪ್ಪ ಮೊದಲಾದರೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ, ಈಗ ಅವಳು ಈಳಿಗೆಯ ಮುಂದೆ ಕುಳಿತರೆ ಸಾಕು, ಬಂದು ಎದುರಿಗೆ ಕೂರುತ್ತಿದ್ದ. ಸೌತೆಯಾಗಲಿ, ಹೀರೆಯಾಗಲಿ, ಹೆಚ್ಚಿದ ಪ್ರತಿಯೊಂದು ಕಾಯಿಯ ಒಂದು ಹಸಿ ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ತಡೆದು, ಆಮೇಲೆ "ಹಾಕು" ಅನ್ನುತ್ತಿದ್ದ.

ಒಂದು ದಿನ ಅವಳಿಗೆ ಸಹಿಸಲಾಗಲಿಲ್ಲ. "ಅಪ್ಪಾ, ನಾನ ನೋಡ್ತೇನಿ ಬಿಡು. ದಿನಾ ನೀನ ಯಾಕ?"

"ಅವತ್ತ ನಾ ನಾಲಿಗಿಗಿ ಹಚ್ಚಿ ನೋಡಲಿಲ್ಲವಾ" ಅಂದ ಕಾಳಪ್ಪ. "ಸೋಸಿದೆ, ಗ್ಲಾಸಿಗಿ ಹಾಕಿದೆ, ಅಕಿ ಕೈಯಾಗ ಕೊಟ್ಟೆ. ಒಂದ ಹನಿ ನನ್ನ ಬಾಯಾಗ ಹಾಕ್ಕೊಳ್ಳಲಿಲ್ಲ."

ರಾಜಶ್ರೀ ಈಳಿಗೆ ಮಡಚಿಟ್ಟಳು. ಹೆಚ್ಚಿದ ಸೌತೆ ತಟ್ಟೆಯಲ್ಲಿ ಹಾಗೇ ಇತ್ತು. ಕಾಳಪ್ಪನ ಬಾಯಲ್ಲಿ ಒಂದು ಚೂರಿತ್ತು. ಅದು ಸಿಹಿಯಾಗಿಯೇ ಇತ್ತು, ಅವನಿಗೆ ನುಂಗಲು ಬರಲಿಲ್ಲ. ದವಾಖಾನೆಯಲ್ಲಿ, ಮಣ್ಣಿನಲ್ಲಿ, ಬಾದಾಮಿಯಲ್ಲಿ ಅಳದ ಮನುಷ್ಯ ಮಗಳ ಮುಂದೆ ಆ ಚೂರು ಬಾಯಲ್ಲಿಟ್ಟುಕೊಂಡೇ ಅತ್ತ.