ಉಡಿಯ ಕಾಯಿ

ಆಪ್ತಸಲಹೆಯ ಜಯಾ ಮೇಡಂ ಕೇಳುತ್ತಿದ್ದದ್ದು ರಾಜಶ್ರೀಯನ್ನು. ಉತ್ತರ ಕೊಡುತ್ತಿದ್ದದ್ದು ನಮ್ಮ ಮನೆ ಓನರ್ ಸೊಣ್ಣಮ್ಮ.

"ರಾಜಶ್ರೀ, ಮಗು ವಿಷಯದಲ್ಲಿ ನಿಮ್ಮ ಮನಸ್ಸಲ್ಲಿ ಏನಿದೆ?"

"ಏನಿರ್ತದೆ ಮೇಡಂ? ನನ್ನ ಮಗಳು ಶಾಲಿನಿಗೆ ಕೊಡ್ತಾಳೆ. ಮಾತಾಗೋಗಿದೆ."

"ನಾನು ಅವರನ್ನ ಕೇಳಿದ್ದು."

"ಅವಳಿಗೇನ್ ಗೊತ್ತಾಯ್ತದೆ? ಅವಳೇ ಇನ್ನೂ ಮಗು."

ಎಂಟು ತಿಂಗಳ ಬಸುರಿಯನ್ನು ಮಗು ಅಂದರು! ನನಗೆ ಮೈಯೆಲ್ಲ ಉರಿಯಿತು. ಆದರೆ ನನ್ನ ಉರಿ ಒಳಗೇ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ಸಾರಿ ಕೇಳುವವಳು ನಾನೇ.

ಜಯನಗರದ ಈ ಕೇಂದ್ರವನ್ನು ಹುಡುಕಿದ್ದೂ ನಾನೇ. ಹೆತ್ತು ಸಾಕುವುದೋ, ದತ್ತು ಕೊಡುವುದೋ ತೋಚದೆ ಕೂತ ಹೆಣ್ಣುಮಕ್ಕಳ ಜೊತೆ ಇಲ್ಲಿ ಮಾತಾಡುತ್ತಾರೆ, ಒತ್ತಾಯ ಮಾಡುವುದಿಲ್ಲ. ಬಿಟಿಎಂನಲ್ಲಿ ಸೊಣ್ಣಮ್ಮನ ಮನೆಯ ಮೇಲಿನ ರೂಮಿನಲ್ಲಿ ನಾವಿಬ್ಬರೂ ಬಾಡಿಗೆಗಿದ್ದೇವೆ. ಇಳಕಲ್ ಕಡೆಯ ರಾಜಶ್ರೀ ಮಡಿವಾಳದ ಬಟ್ಟೆಯಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕಿದ್ದಳು. ಮದುವೆಯಾಗ್ತೀನಿ ಎಂದಿದ್ದ ಶರಣ್, ಬಸುರಿ ಅಂತ ಗೊತ್ತಾದ ಮೇಲೆ ಫೋನ್ ನಂಬರನ್ನೇ ಬದಲಾಯಿಸಿದ. ಊರಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಇವತ್ತು ಇಬ್ಬರೇ ಬರೋಣ ಎಂದು ಹೊರಟರೆ ಸೊಣ್ಣಮ್ಮ ಗೇಟಿನಲ್ಲೇ ಹಿಡಿದು, ಮಗಳ ಜೊತೆ ನಮ್ಮನ್ನೂ ಕಾರಿಗೆ ತುಂಬಿಕೊಂಡು ಬಂದರು.

"ಮಾತಾಗಿದ್ದು ಯಾವಾಗ?" ಜಯಾ ಮೇಡಂ ಕೇಳಿದರು.

"ಮಡಿಲು ತುಂಬಿದ ದಿನ. ಯಾರೂ ಇಲ್ಲದೋಳು ಅಂತ ನಾನೇ ಸೀಮಂತ ಮಾಡ್ದೆ. ಹಸಿರು ಸೀರೆ, ಬಳೆ, ಏನೂ ಕಮ್ಮಿ ಮಾಡಿಲ್ಲ. ಆಗ ಅವಳೇ ಮಡಿಲಲ್ಲಿದ್ದ ಕಾಯಿ ತೆಗೆದು ನನ್ನ ಮಗಳ ಮಡಿಲಿಗೆ ಹಾಕವಳೆ. ಮೇಘಾ, ಫೋಟೋ ಹಿಡಿದೋಳು ನೀನೇ ಅಲ್ವೇನೇ?"

ಹೌದು, ನಾನೇ. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ.

ರಾಜಶ್ರೀ ಮೊದಲ ಸಲ ತಲೆಯೆತ್ತಿದಳು. "ಅದು ಹಂಗಲ್ರೀ ಮೇಡಂ. ನಮ್ಮ ಕಡೆ ಬಸುರಿ ಉಡ್ಯಾಗಿನ ಕಾಯಿ ಮಕ್ಕಳಾಗದವ್ರಿಗೆ ಕೊಡ್ತಾರ್ರೀ. ಅದನ್ನ ಒಡದು ತಿಂದ್ರ ಅವ್ರಿಗೂ ಮಕ್ಕಳಾಗ್ತಾವ ಅಂತ. ಅಕ್ಕಗ ಒಳ್ಳೇದಾಗ್ಲಿ ಅಂತ ಕೊಟ್ಟೆ."

"ನೋಡಿ, ನೋಡಿ, ಈಗ ಹೆಂಗೆ ತಿರುಗಿಸ್ತಾಳೆ! ಶಾಲೂ, ತೆಗೆಯೇ ಆ ಕಾಯಿ."

ಶಾಲಿನಿ ಅಕ್ಕ ಯಾರ ಮುಖವನ್ನೂ ನೋಡದೆ ಬ್ಯಾಗಿನಿಂದ ಹಳದಿ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟರು. ಅರಿಶಿನ ಹಚ್ಚಿದ ಅದೇ ಕಾಯಿ.

"ಇನ್ನೂ ತಿಂದಿಲ್ಲೇನ್ರೀ ಅಕ್ಕಾ?" ರಾಜಶ್ರೀಯ ದನಿಯಲ್ಲಿ ನಿಜವಾದ ಸಂಕಟವಿತ್ತು.

"ಅಮ್ಮ ದೇವರ ಮನೇಲಿಟ್ಟಿದ್ರು. ಮಗು ಕೈಗೆ ಬಂದ ಮೇಲೆ ಒಡೆಯೋದು ಅಂದ್ರು."

ಜಯಾ ಮೇಡಂ ಪೆನ್ನು ಕೆಳಗಿಟ್ಟರು. "ಅಮ್ಮಾ, ಹುಟ್ಟದೇ ಇರೋ ಮಗೂನ ಯಾರೂ ಯಾರಿಗೂ ಬರೆದುಕೊಡಕ್ಕಾಗಲ್ಲ. ಸಾಕ್ತೀನಿ ಅಂದ್ರೆ ಅದಕ್ಕೆ ಬೇಕಾದ ಸಹಾಯ ನಾವು ಹುಡುಕ್ತೀವಿ. ಕೊಡ್ತೀನಿ ಅಂದ್ರೂ ಹೆತ್ತ ಮೇಲೆ, ಮಕ್ಕಳ ಕಲ್ಯಾಣ ಸಮಿತಿ ಮುಂದೆ. ಆಮೇಲೂ ಮನಸ್ಸು ಬದಲಾಯಿಸಕ್ಕೆ ಎರಡು ತಿಂಗಳಿರುತ್ತೆ. ಹಿಂಗೆ ಕೈಯಿಂದ ಕೈಗೆ ಕೊಡೋ ಹಾಗೇ ಇಲ್ಲ. ಈಗ ದಯವಿಟ್ಟು ಎಲ್ಲರೂ ಹೊರಗಿರಿ. ನಾನು ಅವರೊಬ್ಬರ ಹತ್ರಾನೇ ಮಾತಾಡ್ಬೇಕು."

ಸೊಣ್ಣಮ್ಮ ಏಳಲಿಲ್ಲ. ಕಾಯಿಯ ಮೇಲೆ ಕೈಯಿಟ್ಟು ರಾಜಶ್ರೀಯ ಕಡೆ ಬಾಗಿದರು. "ಈ ಕಾಯಿ ಇಡಿಯಾಗಿರೋ ತನಕ ಮಾತು ಮಾತೇ ಕಣಮ್ಮ. ಮಾತು ಮುರಿದ್ಯೋ, ಹುಟ್ಟೋ ಮಗೀಗೆ ಒಳ್ಳೇದಾಗಕ್ಕಿಲ್ಲ."

ರಾಜಶ್ರೀಯ ಕೈ ಹೊಟ್ಟೆಗೆ ಹೋಯಿತು. ಅವಳು ಹೆದರಿದ್ದಳು. ಇನ್ನೊಂದು ಕ್ಷಣ ಬಿಟ್ಟರೆ ಹೂಂ ಅಂದುಬಿಡುತ್ತಿದ್ದಳು.

ನಾನು ಸೊಣ್ಣಮ್ಮನ ಕೈಯಡಿಯಿಂದ ಕಾಯಿ ಕಿತ್ತುಕೊಂಡೆ. ಹೊರಗೆ ಹೋಗಿ ಬಾಗಿಲ ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದೆ. ಎರಡು ಹೋಳಾಯಿತು. ನೀರು ನನ್ನ ಚೂಡಿದಾರದ ಮೇಲೆಲ್ಲ ಹಾರಿತು.

"ಅಯ್ಯಯ್ಯೋ ಗಂಡುಬೀರಿ! ಮೂಗಿ ಥರ ಇದ್ಳಲ್ಲ ಇವಳು!" ಸೊಣ್ಣಮ್ಮ ಓಡಿಬಂದರು.

"ಈಗ ಇಡಿಯಾಗಿಲ್ಲ ಆಂಟಿ." ನನ್ನ ದನಿ ಕೊನೆಗೂ ಹೊರಗೆ ಬಂತು. "ಸೀಮಂತ ಮಾಡಿದ್ರೋ, ವ್ಯಾಪಾರ ಮಾಡಿದ್ರೋ? ಸೀರೆ ಕೊಟ್ಟು ಹೊಟ್ಟೇನೇ ಬಾಡಿಗೆಗೆ ಹಿಡಿದ್ರಾ?"

"ನಾಳೇನೇ ರೂಮ್ ಖಾಲಿ ಮಾಡ್ರೇ ಇಬ್ರೂ!"

"ಮಾಡ್ತೀವಿ."

ಎಲ್ಲಿಗೆ ಹೋಗೋದು ಅಂತ ನನಗೂ ಗೊತ್ತಿರಲಿಲ್ಲ.

ರಾಜಶ್ರೀ ಗೋಡೆ ಹಿಡಿದುಕೊಂಡು ಬಗ್ಗಿ ಒಂದು ಹೋಳು ಎತ್ತಿಕೊಂಡಳು. ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿ ಶಾಲಿನಿ ಅಕ್ಕನ ಕೈಗಿಟ್ಟಳು. "ತಿನ್ರೀ ಅಕ್ಕಾ. ನಾ ಕೊಟ್ಟದ್ದು ಇಷ್ಟ."

ಶಾಲಿನಿ ಅಕ್ಕ ಅಮ್ಮನ ಕಡೆ ನೋಡಲೂ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ಅಳುತ್ತ, ಹಲ್ಲಿನಿಂದಲೇ ಕಾಯಿ ಕೆರೆದು ತಿನ್ನತೊಡಗಿದರು.

ರಾಜಶ್ರೀ ಒಳಗೆ ಹೋದಳು. ಜಯಾ ಮೇಡಂ ಅದೇ ಪ್ರಶ್ನೆ ಕೇಳಿದ್ದು ಹೊರಗೂ ಕೇಳಿಸಿತು.

"ನಂಗ ಇನ್ನೂ ಗೊತ್ತಿಲ್ರೀ ಮೇಡಂ."

"ಪರವಾಗಿಲ್ಲ. ಅಲ್ಲಿಂದಾನೇ ಶುರು ಮಾಡೋಣ."

ಬಾಗಿಲು ಮುಚ್ಚಿತು. ಸೊಣ್ಣಮ್ಮ ಕಿವಿಗೊಡಲು ಮುಂದೆ ಬಂದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಜರುಗೇ ಆಚೆ."

"ಜರುಗಲ್ಲ ಆಂಟಿ."