ಕುದಿಸಿ ಸೋಸಿದ ನೀರು

ಮೈದುನರಿಬ್ಬರು ಚಟ್ಟದ ಮುಂದಿನ ತುದಿಗಳನ್ನು ಎತ್ತಿದರು, ಹಿಂದಿನ ಒಂದು ತುದಿಗೆ ಗಾಡಿಯ ಡ್ರೈವರ್ ಹೆಗಲು ಕೊಟ್ಟ. ನಾಲ್ಕನೆಯ ತುದಿ ನೆಲ ಬಿಟ್ಟು ಮೇಲೇಳಲಿಲ್ಲ. ಮತ್ತೆ ಇಳಿಸಿದರು. ಓಣಿಯೊಳಗೆ ಶವದ ಗಾಡಿ ಬರುವಂತಿರಲಿಲ್ಲ. ಮುಖ್ಯರಸ್ತೆಯವರೆಗೆ, ಇಪ್ಪತ್ಮೂರು ಮನೆಗಳ ಮುಂದೆ, ಹೊತ್ತುಕೊಂಡೇ ಹೋಗಬೇಕು. ಇನ್ನೊಂದು ಹೆಗಲು ಬೇಕಾಗಿತ್ತು, ಅಷ್ಟೆ. ಬೆಳಗಿನಿಂದ ಅದು ಸಿಕ್ಕಿರಲಿಲ್ಲ.

ಹೆಂಡತಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ದೂರದ ಬಡಾವಣೆಯಲ್ಲಿ ಯಾರದೋ ಮಾಳಿಗೆ ಹತ್ತಿ ಸೋಲಾರ್ ಪ್ಯಾನಲ್ ಒರೆಸುತ್ತಿದ್ದ ಗಂಡ ನಿನ್ನೆ ಎದೆ ಹಿಡಿದುಕೊಂಡು ಅಲ್ಲೇ ಕುಸಿದಿದ್ದ. ಈ ಓಣಿಯ ಅಷ್ಟೂ ಮಾಳಿಗೆಗಳ ಮೇಲೆ ಪ್ಯಾನಲ್ ಕೂರಿಸಿದವನೂ ಅವನೇ. ಈಗ ಅವುಗಳ ಮೇಲೆ ಒದ್ದೆ ಬಟ್ಟೆ ಒಣಗುತ್ತಿದ್ದವು. ಮೈದುನ ಬಂದು, ಎಲ್ಲ ಬಾಗಿಲೂ ತಟ್ಟಿ ಆಯಿತೆಂದ. ಒಬ್ಬರಿಗೆ ಸೊಂಟನೋವಂತೆ, ಒಬ್ಬರು ಊರಲ್ಲೇ ಇಲ್ಲವಂತೆ, ಊರಲ್ಲಿಲ್ಲದವರೇ ಒಳಗಿಂದ ಹಾಗೆ ಹೇಳಿ ಕಳಿಸಿದರಂತೆ.

ಎದುರಿನ ಅಂಗಡಿಯಲ್ಲಿ ಟೈಲರ್ ಕೊರಳಿಗೆ ಟೇಪು ಹಾಕಿಕೊಂಡು, ತಲೆಯೆತ್ತದೆ ಬಟ್ಟೆ ಕತ್ತರಿಸುತ್ತಿದ್ದ.

*

ಹತ್ತು ವರ್ಷದ ಹಿಂದೆ ದಿನವೂ ಸಂಜೆ ಕರೆಂಟು ಹೋಗುತ್ತಿತ್ತು. ಸೋಲಾರ್ ಕಂಪನಿಯವರು ಚೀಟಿ ಹಂಚಿದರು, ಮೈಕು ಕಟ್ಟಿ ಕೂಗಿದರು, ಒಬ್ಬರೂ ಜಪ್ಪಯ್ಯ ಅನ್ನಲಿಲ್ಲ. ಆಗ ಅವರ ಫಿಟ್ಟರ್ ಆಗಿದ್ದ ಗಂಡ, ಎಲ್ಲ ಬಿಟ್ಟು, ಓಣಿಗೇ ದೊಡ್ಡ ತಕರಾರಿನವನಾದ ಟೈಲರನ ಬೆನ್ನು ಹತ್ತಿದ. ಟೈಲರನ ನಾಲಿಗೆ ಕತ್ತರಿಗಿಂತ ಹರಿತ. ಅವನು ಹೂಂ ಅಂದರೆ ಓಣಿಯೇ ಹೂಂ ಅಂದಂತೆ ಎಂದು ಹೆಂಡತಿಯ ಹತ್ತಿರ ಹೇಳಿದ್ದ. ತಿಂಗಳುಗಟ್ಟಲೆ ಕಾಡಿ ಬೇಡಿ ಆ ಅಂಗಡಿಯಲ್ಲಿ ಒಂದು ದೀಪ ಹಚ್ಚಿಸಿದ. ಓಣಿಯೆಲ್ಲ ಕತ್ತಲಾದಾಗ ಅಲ್ಲೊಂದೇ ಮಿಷಿನ್ನು ಓಡುವುದನ್ನು ಜನ ನಿಂತು ನೋಡಿದರು. ವರ್ಷ ತುಂಬುವುದರೊಳಗೆ ಇಪ್ಪತ್ಮೂರೂ ಮನೆಗಳಲ್ಲಿ ದೀಪ ಬಂತು. ಗಂಡನಿಗಿಂತ ಹೆಂಡತಿಯೇ ಹೆಚ್ಚು ಬೀಗಿದಳು.

ಬ್ಯಾಟರಿಗೆ ಎರಡು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಮೂರನೆಯ ಬೇಸಿಗೆಯಲ್ಲಿ ಅದು ಯಾವ ಅಂಗಡಿಯಲ್ಲೂ ಸಿಗದೆ, ಬದಲಿಗೆ ಏನು ಹಾಕಬಹುದೆಂದು ನಲ್ಲಿಯ ಹತ್ತಿರ ಟೈಲರನ ಹೆಂಡತಿ ಇವಳನ್ನು ಕೇಳಿದಳು. ಫಿಟ್ಟರನ ಹೆಂಡತಿ ಗೊತ್ತಿಲ್ಲ ಅನ್ನುವುದುಂಟೆ? ಕುದಿಸಿ ಸೋಸಿದ ನೀರಾದರೆ ಸಾಕು ಎಂದುಬಿಟ್ಟಳು. ಸಂಜೆಯೊಳಗೆ ಆ ಮಾತು ಓಣಿಯ ಕೊನೆ ಮುಟ್ಟಿತು. ದೀಪ ಹಬ್ಬಲು ವರ್ಷ ಬೇಕಾಯಿತು, ಈ ಮಾತಿಗೆ ಒಂದು ದಿನ ಸಾಕಾಯಿತು.

ಮುಂದೆ ಬ್ಯಾಟರಿಗಳು ಒಂದೊಂದಾಗಿ ಸತ್ತವು. ಟೈಲರನ ಬ್ಯಾಟರಿ ಬಿಚ್ಚಿ, ಒಳಗೆ ಕಟ್ಟಿದ ನೀರಿನ ಉಪ್ಪಿನ ಬಿಳಿ ಪದರ ಕಂಡಾಗ ಗಂಡನಿಗೆ ಅರ್ಥವಾಯಿತು. ಮನೆಗೆ ಬಂದು ಕೇಳಿದ, ಅವಳು ಅತ್ತಳು. ಮಾರನೆಯ ದಿನ ಜನ ಸುತ್ತುಗಟ್ಟಿದಾಗ, ಹೇಳಿದ್ದು ನಾನೇ, ನನ್ನದೇ ತಪ್ಪು ಎಂದ. ಕಂಪನಿ ಕೆಲಸದಿಂದ ತೆಗೆಯಿತು. ಓಣಿ ಅವನನ್ನು ಮಾತಾಡಿಸುವುದನ್ನೇ ಬಿಟ್ಟಿತು.

*

ಹೆಂಡತಿ ಎದ್ದು ಎದುರಿನ ಅಂಗಡಿಗೆ ಹೋದಳು. ತನ್ನ ತಪ್ಪಿನ ಕಳಂಕವನ್ನೂ ಹೊರಿಸಿ ಅವನನ್ನು ಕಳಿಸುವುದು ಅವಳಿಂದ ಆಗುವಂತಿರಲಿಲ್ಲ.

"ಅಣ್ಣಾ, ಆ ನೀರಿನ ಮಾತು ಅವರದ್ದಲ್ಲ. ನಂದು."

ಕತ್ತರಿ ನಿಂತಿತು. "ನನ್ನ ಎದುರಿಗೇ ನಿಂತು ಒಪ್ಕೊಂಡ್ರಲ್ಲ?"

"ನನ್ನ ಉಳಿಸೋಕೆ ಒಪ್ಕೊಂಡ್ರು. ಅವರಿಗೆ ಗೊತ್ತೇ ಇರಲಿಲ್ಲ. ನಂಗೆ ತೋಚಿದ್ದು ನಾನು ಹೇಳಿದೆ."

ಪರದೆಯ ಹಿಂದಿನಿಂದ ಟೈಲರನ ಹೆಂಡತಿ ಬಂದಳು. ನಲ್ಲಿಯ ಹತ್ತಿರ ಹೇಳಿದ್ದು ಇವಳೇ ಹೌದು, ಆದರೆ ಗಂಡ ಹೇಳಿಕೊಟ್ಟಿದ್ದನ್ನೇ ಹೇಳುತ್ತಿದ್ದಾಳೆ ಅಂದುಕೊಂಡಿದ್ದೆವು ಎಂದಳು.

ಟೈಲರ್ ಕತ್ತರಿ ಕೆಳಗಿಟ್ಟ. "ಏಳು ವರ್ಷ ಅವರು ಎದುರಿಗೆ ಬಂದ್ರೆ ಉಗುಳ್ತಿದ್ದೆ ನಾನು. ಒಂದ್ಸಲ ಹೇಳಬಾರದಿತ್ತೇನಮ್ಮಾ?"

"ಧೈರ್ಯ ಬರ್ಲಿಲ್ಲ. ಈಗ ಒಂದು ಹೆಗಲು ಕೊಡಿ. ಕೈ ಮುಗೀತೀನಿ."

"ಯಾವ ಮುಖ ಇಟ್ಕೊಂಡು ಕೊಡ್ಲಿ?" ಎದ್ದು ಬಂದವನು ಅವಳತ್ತ ನೋಡದೆ ಒಳಗಿನಿಂದ ಷಟರ್ ಎಳೆದುಕೊಂಡ.

ಅವಳು ಹಿಂತಿರುಗಿ ಬಂದು ಚಟ್ಟದ ನಾಲ್ಕನೆಯ ತುದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಮೈದುನ ಬೇಡ ಅತ್ತಿಗೆ ಎಂದು ಅಂಗಲಾಚಿದ.

"ಎತ್ರಪ್ಪಾ," ಎಂದಳು.

ಎತ್ತಿದರು. ಅವಳು ಕುಳ್ಳಿ, ಚಟ್ಟ ಅವಳ ಕಡೆಗೇ ವಾಲಿತು. ಮುಂದಿದ್ದವರು ಮಂಡಿ ಬಗ್ಗಿಸಿಕೊಂಡು ನಡೆದರು. ಅಷ್ಟರಲ್ಲಿ ಟೈಲರನ ಹೆಂಡತಿ ಹಿತ್ತಲ ಗೋಡೆಯಾಚೆಗೆ ಏನೋ ಹೇಳಿದ್ದಳು. ಆ ಮನೆಯವಳು ಪಕ್ಕದ ಮನೆಗೆ ಕೂಗಿ ಹೇಳಿದಳು. ಮಾತು ಚಟ್ಟಕ್ಕಿಂತ ಮುಂದೆ ಓಡಿತು. ಇವರು ತಲುಪುವ ಮೊದಲೇ ಒಂದೊಂದು ಮನೆಯ ಬಾಗಿಲೂ ತೆರೆಯಿತು. ಸೊಂಟನೋವಿನವರು, ಊರಲ್ಲಿಲ್ಲದವರು ಎಲ್ಲರೂ ಹೊರಗೆ ಬಂದು ಹೊಸ್ತಿಲ ಮೇಲೆ ತಲೆ ತಗ್ಗಿಸಿ ನಿಂತರು. ಯಾರೂ ಮೆಟ್ಟಿಲು ಇಳಿಯಲಿಲ್ಲ. ಹೆಜ್ಜೆ ಹೆಜ್ಜೆಗೂ ಗಂಡನ ದೇಹ ಒಂದಿಷ್ಟು ಜಾರಿ, ಅವಳ ಹೆಗಲಿನ ಹತ್ತಿರ ಹತ್ತಿರ ಬರುತ್ತಿತ್ತು.