ಬುರುಡೆಯಿಂದ ಬಾವಿಗೆ

ಭೂಮಿಯ ಮೇಲೆ ಮೊದಲ ಜೀವ ಹೇಗೆ ಹುಟ್ಟಿತು ಎಂದು ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ತಲೆ ಕೆಡಿಸಿಕೊಂಡವರು ತಮ್ಮಣ್ಣ ಮಾಸ್ತರರೊಬ್ಬರೇ. ಉಳಿದ ಊರಿಗೆ ನೂಲಿನ ದರ ಗೊತ್ತಿದ್ದರೆ ಸಾಕಿತ್ತು.

ಮಾಸ್ತರರು ಗಡಹಿಂಗ್ಲಜದವರು. ನಲವತ್ತಾಗಿತ್ತು, ಮದುವೆಯಾಗಿರಲಿಲ್ಲ. ಹಗಲೆಲ್ಲ ಹೈಸ್ಕೂಲಿನಲ್ಲಿ ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಎಂದು ಮರಾಠಿಯಲ್ಲಿ ಕಲಿಸಿ, ಟ್ಯೂಶನ್ ಮುಗಿಸಿ, ಕತ್ತಲಾಗುವಾಗ ತಮ್ಮ ಒಂದೇ ಕೋಣೆಗೆ ಮರಳುತ್ತಿದ್ದರು. ಅದು ಮಾಣಿಕಬಾಯಿಯವರ ಮನೆಯ ಹಿತ್ತಲ ಕೋಣೆ. ಎರಡೂ ಬದಿಗೆ ಮಗ್ಗದ ಶೆಡ್ಡುಗಳು. ಆ ಸದ್ದಿನಲ್ಲಿ ಮಾತಾಡುವವರು ಕೂಗಿಯೇ ಮಾತಾಡಬೇಕು. ಮಾತಾಡಲು ಯಾರೂ ಇಲ್ಲದವರು ಸುಮ್ಮನಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಮಾಸ್ತರರಿಗೆ ಅದೊಂದು ಅನುಕೂಲವಾಗಿತ್ತು.

ಮಾಣಿಕಬಾಯಿ ಜೈನರು, ತೀರಿಹೋದ ಅರಿವೆ ವ್ಯಾಪಾರಿಯ ಹೆಂಡತಿ. ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿಯಬೇಕು. ಮಾಸ್ತರರ ತಾಟು ಕಿಟಕಿಯ ಕಟ್ಟೆಯ ಮೇಲೆ ಮುಚ್ಚಿಟ್ಟಿರುತ್ತಿತ್ತು. ಇಬ್ಬರೂ ಒಂದೇ ಒಲೆಯ ರೊಟ್ಟಿ ತಿನ್ನುತ್ತ ವರ್ಷಗಳಾಗಿದ್ದವು. ಎದುರುಬದುರು ಕೂತು ಉಂಡದ್ದಿರಲಿಲ್ಲ.

ಮಾಣಿಕಬಾಯಿಗೆ ದಿನಾ ಮಾಡುವ ಕೆಲಸ ಒಂದಿತ್ತು. ಅಂಗಳದ ಬಾವಿಯ ನೀರನ್ನು ಎರಡು ಪದರದ ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ಒಂದು ಸಣ್ಣ ಕೊಡಕ್ಕೆ ಇಳಿಸುವರು. ಆ ಕೊಡದ ತಳದಲ್ಲಿ ಒಂದು ಕೊಂಡಿ. ಕಂಠಕ್ಕೊಂದು, ಕೊಂಡಿಗೊಂದು ಹಗ್ಗ ಕಟ್ಟಿ ನೀರು ಮುಟ್ಟುವ ತನಕ ಇಳಿಬಿಟ್ಟು, ಅಲ್ಲಿ ಕೊಂಡಿಯ ಹಗ್ಗ ಮೆಲ್ಲಗೆ ಜಗ್ಗಿದರೆ ಕೊಡ ಮಗುಚಿಕೊಳ್ಳುತ್ತದೆ. ಮೇಲಿಂದ ಸುರಿದರೆ ಪಾಪ, ಜೀವಗಳಿಗೆ ಪೆಟ್ಟಾದೀತು. ಯಾವ ನೀರಿನ ಜೀವವೋ ಅದೇ ನೀರಿಗೆ ಹೋಗಬೇಕು, ಇದು ಕಟ್ಟಳೆ.

ಮಹಾರಾಷ್ಟ್ರ ರಾಜ್ಯ ಹುಟ್ಟಿದ ಮರುವರ್ಷ ಮಾಸ್ತರರು ಒಂದು ಮಾಸಪತ್ರಿಕೆಯಲ್ಲಿ ಅಮೇರಿಕಾದ ಪ್ರಯೋಗವೊಂದನ್ನು ಓದಿದರು. ಆದಿಕಾಲದ ಗಾಳಿಯಲ್ಲಿ ಇದ್ದಿರಬಹುದಾದ ಅನಿಲಗಳನ್ನು ಗಾಜಿನ ಬುರುಡೆಯಲ್ಲಿ ತುಂಬಿ, ಕೆಳಗೆ ನೀರಿಟ್ಟು, ಮಿಂಚಿನ ಬದಲು ವಿದ್ಯುತ್ತಿನ ಕಿಡಿ ಹಾರಿಸಿದರೆ, ನೀರಿಗೆ ಬಣ್ಣ ಬಂದು ಜೀವಿಗಳ ಮೈ ಕಟ್ಟುವ ಪದಾರ್ಥಗಳು ಅದರಲ್ಲಿ ಸಿಗುತ್ತವಂತೆ. ಮಾಸ್ತರರು ಆ ಪತ್ರಿಕೆ ಹಿಡಿದುಕೊಂಡು ಕೊಲ್ಹಾಪುರದ ಕಾಲೇಜಿಗೆ ಹೋಗಿ ಪ್ರೊಫೆಸರ್ ರಾವಸಾಹೇಬರನ್ನು ಕಂಡರು.

"ಮಾಡಿ ತೋರಸ್ರಿ ತಮ್ಮಣ್ಣ," ಎಂದರು ಪ್ರೊಫೆಸರು. "ದೀಪಾವಳಿ ಒಳಗ ತಂದ್ರಂದ್ರ, ನಮ್ಮ ಲ್ಯಾಬಿನ್ಯಾಗ ಒಂದ ಜಾಗಾ ಖಾಲಿ ಐತಿ."

ಸಂಬಳ ಅಷ್ಟಕ್ಕಷ್ಟೇ. ಆದರೆ ಅಲ್ಲಿ ಇಂಥ ಮಾತು ಕೇಳಿಸಿಕೊಳ್ಳುವ ಜನ ಇದ್ದರು. ಮಾಸ್ತರರಿಗೆ ಬೇಕಾದದ್ದು ಅದೇ.

ಶಾಲೆಯಿಂದ ಕಿಡಿ ಹಾರಿಸುವ ಕಾಯಿಲ್ ತಂದರು. ನವಸಾಗರಕ್ಕೆ ಸುಣ್ಣ ಬೆರೆಸಿ ಒಂದು ಅನಿಲ, ಸತುವಿಗೆ ಆ್ಯಸಿಡ್ ಹಾಕಿ ಇನ್ನೊಂದು. ಮೂರನೆಯದು ಶಿರೋಳದ ರೈತನೊಬ್ಬನ ಸೆಗಣಿ ಗ್ಯಾಸು. ಲಾರಿಯ ಟ್ಯೂಬಿನಲ್ಲಿ ತುಂಬಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ತಂದರು. ಪಕ್ಕದವನು ಬೀಡಿ ಹಚ್ಚಿದಾಗಲೆಲ್ಲ ಮಾಸ್ತರರು ಎದ್ದು ನಿಲ್ಲುತ್ತಿದ್ದರು.

"ಏನ್ ಮಾಡಾಕತ್ತೀರಿ ಮಾಸ್ತರ?" ಮಾಣಿಕಬಾಯಿ ಬಾಗಿಲಿಗೆ ಬಂದು ಕೇಳಿದರು.

"ಜೀವಾ ಹುಟ್ಟಸಾಕತ್ತೇನ್ರಿ ಅಕ್ಕಾರ."

ಇದು ಶುದ್ಧ ಬಡಾಯಿ. ಜೀವಕ್ಕೆ ಬೇಕಾದ ಒಂದೆರಡು ಪದಾರ್ಥ ಉಂಟಾದರೆ ಆಗಬಹುದು ಎನ್ನಬೇಕಿತ್ತು. ಆದರೆ ಅಷ್ಟುದ್ದದ ಸತ್ಯ ಕೇಳುವುದಕ್ಕೆ ಯಾರು ನಿಲ್ಲುತ್ತಾರೆ?

"ಯಾವ ನೀರ ತಗೊಂಡೀರಿ?"

"ನಿಮ್ಮ ಬಾಂವಿದಽ. ಕಾಸೇನಿ."

"ಕಾಸಿದ ನೀರ ಒಂದ ದಿನಾ ಬಿಟ್ರ ಮತ್ತ ಜೀವಾ ಆಗ್ತಾವ. ನಮ್ಮ ಸಣ್ಣ ಹುಡುಗೂರಿಗೂ ಗೊತ್ತೈತಿ. ಅದಕ್ಕ ಅಮೇರಿಕಾದಾಂವ ಯಾಕ ಬೇಕಾತು?"

ಹಾಗೆಂದರೂ ಅಂದಿನಿಂದ ಮಾಣಿಕಬಾಯಿ ಸಂಜೆ ಸಂಜೆ ಜಪಮಾಲೆ ಹಿಡಿದು ಬಾಗಿಲಿಗೆ ಬರತೊಡಗಿದರು. "ಬಂದ್ವೇನ?" "ಇನ್ನಾ ಇಲ್ರಿ." ಬುರುಡೆಯೊಳಗೆ ನೀಲಿ ಕಿಡಿ ಚಿಟಿಚಿಟಿ ಎನ್ನುತ್ತಿತ್ತು. ಮಾಸ್ತರರು ರೊಟ್ಟಿ ತಿನ್ನುತ್ತ ಆದಿಕಾಲದ ಬಿಸಿ ಸಮುದ್ರದ ಕಥೆ ಹೇಳುತ್ತಿದ್ದರು: ಹುಲ್ಲಿಲ್ಲ, ಹುಳವಿಲ್ಲ, ಬರೀ ಮಳೆ, ಮಿಂಚು, ಬೆಂಕಿ ಕಾರುವ ಗುಡ್ಡ.

"ಮೊದಲನೇದು ಬಂದಾಗ ಅದೊಂದಽ ಇತ್ತೇನ್ರಿ?" ಎಂದು ಒಮ್ಮೆ ಮಾಣಿಕಬಾಯಿ ಕೇಳಿದರು.

"ಒಂದಽ ಇದ್ದೀತು. ಆಮ್ಯಾಲ ತನ್ನನ್ನ ತಾನಽ ಸೀಳಕೊಂಡು ಎರಡ ಆತು."

"ಮತ್ತೇನ್ ಮಾಡೀತು? ಅಷ್ಟ ನೀರಿನಾಗ ಒಂದಽ ಅಂದ್ರ ಬ್ಯಾಸರ ಆಗಿರಬೇಕ."

ಮಾಸ್ತರರು ಜೋರಾಗಿ ನಕ್ಕರು. ಮಾಣಿಕಬಾಯಿ ಒಳಗೆ ಹೋದ ಮೇಲೆ ಆ ಮಾತಿಗೆ ಅಷ್ಟು ನಗು ಬರಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ನೀರು ಮೊದಲು ಹಳದಿಯಾಯಿತು, ಆಮೇಲೆ ಹಾಲಿಲ್ಲದ ಚಹದ ಬಣ್ಣಕ್ಕೆ ತಿರುಗಿತು. ಶಾಲೆಯಲ್ಲಿ ಹೇಳಿದರೆ ಹೆಡ್‌ಮಾಸ್ತರರು ಕಾಯಿಲ್ ಯಾವಾಗ ವಾಪಸು ಕೊಡುತ್ತೀರಿ ಎಂದಷ್ಟೇ ಕೇಳಿದರು. ಮಾಸ್ತರರು ಮನೆಗೆ ಓಡಿಬಂದರು.

"ಬಂದಾವ ಅಕ್ಕಾರ! ಬಂದಾವ!"

ಮಾಣಿಕಬಾಯಿ ಬುರುಡೆಯ ಹತ್ತಿರ ಬಗ್ಗಿ ನೋಡಿ, ಉಸಿರು ತಾಗೀತೆಂದು ಸೆರಗು ಬಾಯಿಗೆ ಹಿಡಿದರು. "ಇನ್ನ ಮುಂದ?"

"ಐತಾರ ಕೊಲ್ಲಾಪುರಕ್ಕ ಒಯ್ತೇನಿ. ಅಲ್ಲಿ ಕಾಗದದ ಮ್ಯಾಲ ಹನಿ ಹಚ್ಚಿ, ಒಣಗಿಸಿ, ಔಷಧ ಹೊಡೀತಾರ. ನೇರಳಿ ಹಣ್ಣಿನಂಥ ಜಾಂಬಳಿ ಕಲೆ ಬಿದ್ರ ನಾ ಗೆದ್ದಂಗ."

"ಒಣಗಸ್ತಾರ?"

"ಹೌದ್ರಿ," ಎಂದರು ಮಾಸ್ತರರು. ಆ ಪ್ರಶ್ನೆಯ ಧಾಟಿ ಅವರ ಕಿವಿಗೆ ಬೀಳಲಿಲ್ಲ. ಮಗ್ಗಗಳ ಸದ್ದಿನಲ್ಲಿ ಧಾಟಿ ಕೇಳುವುದು ಕಷ್ಟ.

ಶನಿವಾರ ಶಾಲೆ ಅರ್ಧ ದಿನ. ಮಾಸ್ತರರು ಬುರುಡೆಗೆ ಹೊದಿಸಲು ಹತ್ತಿ ಕೊಂಡು ಮಧ್ಯಾಹ್ನವೇ ಮನೆಗೆ ಬಂದರು. ಬುರುಡೆ ಕಿಟಕಿಯ ಕಟ್ಟೆಯ ಮೇಲೆ, ತೊಳೆದ ತಾಟು ಲೋಟಗಳ ಸಾಲಿನಲ್ಲಿ ಬೋರಲಾಗಿ ಹೊಳೆಯುತ್ತಿತ್ತು.

ಮಾಣಿಕಬಾಯಿ ಬಾವಿಯ ಹತ್ತಿರ ಹಗ್ಗ ಸುತ್ತುತ್ತಿದ್ದರು.

"ಬಾಂವ್ಯಾಗ ಬಿಟ್ಟೇನಿ ಮಾಸ್ತರ. ಭಾಳ ಸಾವಕಾಶ ಇಳಿಸೇನಿ, ಒಂದಕ್ಕೂ ಪೆಟ್ಟಾಗಿಲ್ಲ. ನಿಮಗ ಕಷ್ಟ ಆತು, ತಿಳೀತೈತಿ. ಆದ್ರ ಹುಟ್ಟಸೋದು ಹುಟ್ಟಿಸಿ ಒಣಗಾಕ ಹಾಕೋದಂದ್ರ… ನನ್ನ ಮನ್ಯಾಗ ಬ್ಯಾಡ್ರಿ."

ಮಾಸ್ತರರ ಕೈಯಲ್ಲಿ ಹತ್ತಿಯ ಉಂಡೆ ಹಾಗೇ ಇತ್ತು. ಕೂಗಾಡಬೇಕೆಂದು ಎರಡು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಮಾಣಿಕಬಾಯಿಯ ಮುಖದಲ್ಲಿ ಒಂದು ಅನುಮಾನ ಸುಳಿಯಿತು.

"ಅಲ್ರಿ, ಖರೇನ ಇದ್ವಿಲ್ಲೋ ಅದರಾಗ ಜೀವಾ?"

ಇಲ್ಲ ಎಂದರೆ ಸತ್ಯ. ಅದು ಚಹದ ಬಣ್ಣದ ನೀರು, ಅಷ್ಟೇ. ನಾಳೆಯಿಂದಲೇ ಹೊಸ ನೀರಿಟ್ಟು ಮತ್ತೆ ಶುರು ಮಾಡಬಹುದು, ಪ್ರೊಫೆಸರರ ಕೈಕಾಲು ಹಿಡಿದು ಒಂದು ತಿಂಗಳು ಕೇಳಬಹುದು. ಆದರೆ ಇಷ್ಟು ಸಂಜೆ ಬಾಗಿಲಲ್ಲಿ ನಿಂತು ಕೇಳಿದವರಿಗೆ ಹೇಳಿದ್ದೆಲ್ಲ ಸುಳ್ಳೆಂದಾಗುತ್ತದೆ. ಆ ಬಾಗಿಲಿಗೆ ಮತ್ತೆ ಯಾರೂ ಬರಲಿಕ್ಕಿಲ್ಲ. ಇದ್ದವು ಎಂದರೆ ಅವರು ಮಾಡಿದ್ದೇ ಸರಿ, ಮತ್ತೆ ಈ ಮನೆಯಲ್ಲಿ ಎಷ್ಟು ಬುರುಡೆ ತುಂಬಿದರೂ ಎಲ್ಲ ಬಾವಿಗೇ. ಜಗತ್ತಿನಲ್ಲಿ ಈ ಪ್ರಯೋಗ ಗೆದ್ದಿತೆಂದು ನಂಬಿದ್ದವರು ಒಬ್ಬರೇ, ಅದನ್ನು ಬಾವಿಗೆ ಇಳಿಸಿದವರೂ ಅವರೇ.

"ಇದ್ವ್ರಿ," ಎಂದರು ತಮ್ಮಣ್ಣ ಮಾಸ್ತರರು. "ಭಾಳ ಇದ್ವು."

ಭಾನುವಾರ ಕೊಲ್ಹಾಪುರದ ಬಸ್ಸು ಅವರಿಲ್ಲದೆ ಹೋಯಿತು. ಸೋಮವಾರ ಕಾಯಿಲ್ ಶಾಲೆಗೆ ಮರಳಿತು. ಕಾಲೇಜಿನ ಲ್ಯಾಬಿನಲ್ಲಿ ಖಾಲಿ ಇದ್ದ ಜಾಗಕ್ಕೆ ಮುರಗೂಡದವರೊಬ್ಬರು ಬಂದರೆಂದು ಆಮೇಲೆ ತಿಳಿಯಿತು.

ಆ ಸೋಮವಾರವೂ ಟ್ಯೂಶನ್ ಮುಗಿಸಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮಾಣಿಕಬಾಯಿ ಜಪಮಾಲೆ ಹಿಡಿದು ಬಂದು, ಬುರುಡೆ ಇದ್ದ ಜಾಗವನ್ನು ಒಮ್ಮೆ ನೋಡಿ ಬಾಗಿಲಲ್ಲೇ ನಿಂತರು.

"ಈಗ ಎರಡೆರಡ ಆಗಿರಬೇಕಲ್ರಿ ಅವು?"

"ಆಗಿರ್ತಾವ."

"ಹಂಗಾರ ಛಲೋ ಆತು," ಎಂದು ಅವರು ಒಳಗೆ ಹೋದರು.

ಮಾಸ್ತರರು ತಾಟಿನ ಮುಚ್ಚಳ ತೆಗೆದರು. ಪಕ್ಕದಲ್ಲಿ ಎರಡು ಪದರದಲ್ಲಿ ಸೋಸಿದ ಬಾವಿಯ ನೀರು, ಗಾಜಿನ ಲೋಟದಲ್ಲಿ. ಅದನ್ನು ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ಏನೂ ಕಾಣಲಿಲ್ಲ. ಆಮೇಲೆ ಕುಡಿದರು.